ಬೀಜದಿಂದ ಉಳ್ಳಾಗಡ್ಡಿ

ಬೆಂಗಳೂರಿನಲ್ಲಿ ಈರುಳ್ಳಿ, ಮಂಗಳೂರಿನಲ್ಲಿ ನೀರುಳ್ಳಿ, ನಮ್ಮ ಧಾರವಾಡದ ಕಡೆ ಉಳ್ಳಾಗಡ್ಡಿ. ಹೀಗೆ ಒಂದೇ ನಾಡಿನಲ್ಲಿ ಮೂರು ಹೆಸರು ಹೊತ್ತಿರುವ ಈ ಗಡ್ಡೆಗೆ ಬೀಜವೆಂಬುದೊಂದು ಇದೆ ಎಂಬ ಸಂಗತಿ ಪಟ್ಟಣವಾಸಿಗಳಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ನಾನರಿಯೆ. ನಿತ್ಯವೂ ಅದನ್ನು ಹೆಚ್ಚುವ ಕೈಗಳು ಅದರೊಳಗೆ ಎಂದೂ ಬೀಜವನ್ನು ಕಂಡಿಲ್ಲ. ಬದನೆಯಲ್ಲಿ ಬೀಜವಿದೆ, ಸೌತೆಯಲ್ಲಿದೆ, ಮೆಣಸಿನಕಾಯಿಯಲ್ಲಂತೂ ಬೇಡವೆಂದರೂ ಇದೆ. ಈರುಳ್ಳಿಯಲ್ಲಿ ಮಾತ್ರ ಸುತ್ತಿನೊಳಗೆ ಸುತ್ತು, ಅದರೊಳಗೆ ಮತ್ತೊಂದು ಸುತ್ತು. ಬಿಡಿಸುತ್ತ ಹೋದವನಿಗೆ ದೊರೆಯುವುದು ಕಣ್ಣೀರು.

ನನ್ನ ಮಿತ್ರರೊಬ್ಬರು, ಮೂವತ್ತು ವರ್ಷ ಇತಿಹಾಸ ಬೋಧಿಸಿ ನಿವೃತ್ತರಾದವರು, ಹಿತ್ತಿಲಿನಲ್ಲಿ ಈರುಳ್ಳಿ ಬೆಳೆಯುವ ಉತ್ಸಾಹದಿಂದ ದಿನಸಿ ಅಂಗಡಿಗೆ ಹೋಗಿ ‘ಈರುಳ್ಳಿ ಬೀಜ’ ಕೇಳಿದರು. ಅಂಗಡಿಯವನು ಕಲೌಂಜಿಯ ಪೊಟ್ಟಣ ಕೊಟ್ಟ. ಉತ್ತರ ಭಾರತದ ಅಡುಗೆಯಲ್ಲಿ ಅದಕ್ಕೆ ಈರುಳ್ಳಿ ಬೀಜವೆಂಬ ಹೆಸರು ಹೇಗೋ ಅಂಟಿಕೊಂಡಿದೆ. ಬಣ್ಣ ಕಪ್ಪು, ಆಕಾರ ಮೂಲೆಮೂಲೆ, ನೋಡಿದರೆ ಮೋಸಹೋಗುವಂಥದೇ. ಆದರೆ ಈರುಳ್ಳಿಗೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ. ಮಿತ್ರರ ಮಡಿಯಲ್ಲಿ ದಾರದಂತೆ ಸೀಳಿದ ಎಲೆಗಳ ಗಿಡ ಎದ್ದಿತು, ತಿಳಿಬಣ್ಣದ ಚೆಂದದ ಹೂಗಳೂ ಬಂದವು. ಅವರು ಮೂರು ತಿಂಗಳು ಕಾದು, ಒಂದು ದಿನ ನನ್ನನ್ನು ಕರೆದು, “ಗಡ್ಡೆ ಯಾವಾಗ ಕೂರುತ್ತದೆ?” ಎಂದು ಕೇಳಿದರು. ನಗಬಾರದೆಂದುಕೊಂಡರೂ ನಕ್ಕುಬಿಟ್ಟೆ. ನಗುವ ಹಕ್ಕು ನನಗೆ ಇರಲಿಲ್ಲವೆಂಬುದು ಈ ಭಾಷಣದಲ್ಲಿ ಮುಂದೆ ತಿಳಿದುಬರುತ್ತದೆ.

ಇನ್ನು ಕೆಲವರು ಅಡುಗೆಮನೆಯ ಬುಟ್ಟಿಯಲ್ಲಿ ತಾನಾಗಿ ಮೊಳೆತ ಈರುಳ್ಳಿಯನ್ನೇ ಕುಂಡದಲ್ಲಿ ಊರುತ್ತಾರೆ. ಹಸಿರು ತೊಪ್ಪಲು ಸೊಗಸಾಗಿ ಬರುತ್ತದೆ, ಪಲ್ಯಕ್ಕೆ ಅಡ್ಡಿಯಿಲ್ಲ. ಆದರೆ ಅದೇ ಗಡ್ಡೆ ಇನ್ನೂ ದಪ್ಪವಾಗುತ್ತದೆಂದು ಕಾಯುವುದು ವ್ಯರ್ಥ. ಈರುಳ್ಳಿಯ ಆಯುಷ್ಯ ಎರಡು ವರುಷದ್ದು. ಮೊದಲ ವರ್ಷ ಬೀಜದಿಂದ ಎದ್ದು, ಎಲೆ ಬಿಟ್ಟು, ಎಲೆಗಳ ಬುಡದಲ್ಲಿ ಆಹಾರವನ್ನು ಕೂಡಿಹಾಕಿಕೊಂಡು ಗಡ್ಡೆಯಾಗಿ ಮಲಗುತ್ತದೆ. ಎರಡನೆಯ ವರ್ಷ ಆ ಗಂಟನ್ನು ಬಿಚ್ಚಿ ಖರ್ಚುಮಾಡಿ, ಟೊಳ್ಳುದಂಟು ಎತ್ತಿ, ತುದಿಯಲ್ಲಿ ಬಿಳಿಯ ಹೂವಿನ ಚೆಂಡನ್ನು ಅರಳಿಸಿ, ಬೀಜ ಕೊಟ್ಟು ಮುಗಿಯುತ್ತದೆ. ನಾವು ಮಾರುಕಟ್ಟೆಯಿಂದ ತರುವುದು ಈ ಎರಡು ವರ್ಷಗಳ ನಡುವಿನ ನಿದ್ದೆಯನ್ನು. ಮೊಳೆತ ಗಡ್ಡೆ ನಿದ್ದೆಯಿಂದ ಎದ್ದಿದೆ. ಅದಕ್ಕೆ ಇನ್ನು ಕೂಡಿಡುವ ಆಸೆ ಇಲ್ಲ, ಖರ್ಚುಮಾಡುವ ಆತುರ. ಹೂವಾಗುತ್ತದೆ, ಇಲ್ಲವೆ ಒಡೆದು ನಾಲ್ಕು ಸಣ್ಣ ಗಡ್ಡೆಗಳಾಗುತ್ತದೆ. ದೊಡ್ಡ ಈರುಳ್ಳಿ ಬೇಕೆನ್ನುವವನು ಬೀಜದಿಂದಲೇ ಹೊರಡಬೇಕು.

ನಾನು ಹುಟ್ಟಿದ್ದು ಧಾರವಾಡ ಸೀಮೆಯ ಎರೆಹೊಲಗಳ ನಡುವಿನ ಒಂದು ಹಳ್ಳಿಯಲ್ಲಿ. ಅಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವುದು ರೂಢಿ. ಮುಂಗಾರಿನಲ್ಲಿ ಉಳ್ಳಾಗಡ್ಡಿ ಮೊದಲು ಹೊಲ ಬಿಡುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ನಮ್ಮಪ್ಪ ಬೀಜವನ್ನು ಎಂದೂ ಪೇಟೆಯಿಂದ ತಂದವನಲ್ಲ. ದೀಪಾವಳಿಯ ಸುಮಾರಿಗೆ ಅಟ್ಟದ ಮೇಲಿನ ಗಡ್ಡೆಗಳನ್ನು ಇಳಿಸಿ, ಅಂಗಳದಲ್ಲಿ ಹರವಿಕೊಂಡು ಕುಳಿತು, ಒಂದೊಂದನ್ನೇ ಕೈಯಲ್ಲಿ ಹೊರಳಿಸಿ ನೋಡುತ್ತಿದ್ದ. ಕುತ್ತಿಗೆ ಸಣ್ಣಗಿರಬೇಕು, ಮೈ ಗಟ್ಟಿಯಿರಬೇಕು. ಹಾಗೆ ಆರಿಸಿದ ಗಡ್ಡೆಯ ಮೇಲಿನ ಮೂರನೆಯ ಒಂದು ಪಾಲನ್ನು ಕುಡುಗೋಲಿನಿಂದ ಕತ್ತರಿಸಿ ಒಳಗೆ ನೋಡುವನು. ಸುತ್ತುಗಳೆಲ್ಲ ಒಂದೇ ನಡುವನ್ನು ಬಳಸಿದ್ದರೆ ಅದು ‘ಒಂದು ಕಣ್ಣಿನ ಗಡ್ಡೆ’, ಬೀಜಕ್ಕೆ ಯೋಗ್ಯ. ಎರಡು ಮೂರು ನಡು ಕಂಡರೆ ಅದು ಅವ್ವನ ಒಲೆಯ ಕಡೆಗೆ ಉರುಳುತ್ತಿತ್ತು. ಕತ್ತರಿಸಿದ ಮೇಲ್ಭಾಗವೂ ಅಡುಗೆಗೇ. ಬುಡದ ಭಾಗ ಬಾವಿಯ ಮಗ್ಗುಲಿನ ಮಡಿಗೆ ಹೋಗಿ ಬೇಸಿಗೆಯ ಹೊತ್ತಿಗೆ ಬೀಜವಾಗಿ ಬರುತ್ತಿತ್ತು. ಆ ಬೀಜವನ್ನು ಒಣಬೂದಿಯೊಡನೆ ಬೆರೆಸಿ ಮಣ್ಣಿನ ಗಡಿಗೆಯಲ್ಲಿ ತುಂಬಿ ಬಾಯಿ ಕಟ್ಟುತ್ತಿದ್ದರು. ಮಳೆ ಬಿದ್ದೊಡನೆ ಗಡಿಗೆ ಬರಿದಾಗುವುದು. ಆ ಗಡಿಗೆಯಲ್ಲಿ ಬೀಜ ವರ್ಷ ದಾಟಿ ಉಳಿದದ್ದನ್ನು ನಾನು ನೋಡಿಲ್ಲ. ಇದರ ಅರ್ಥವೇನೆಂದು ಆಗ ಕೇಳಲೂ ಇಲ್ಲ.

ಓದಿ, ಬೆಂಗಳೂರಿನಲ್ಲಿ ನೌಕರಿ ಹಿಡಿದು, ಮನೆಯ ಹಿಂದೆ ನಾಲ್ಕು ಹೆಜ್ಜೆ ಮಣ್ಣು ಸಿಕ್ಕಿದಾಗ ನನಗೂ ಉಳ್ಳಾಗಡ್ಡಿಯ ನೆನಪಾಯಿತು. ಆದರೆ ಅಪ್ಪನ ಬೀಜ ಕೇಳಲು ಒಣ ಅಭಿಮಾನ ಅಡ್ಡ ಬಂದಿತು. ಆಗ ನನ್ನ ತಮ್ಮ ಇಂಗ್ಲೆಂಡಿನ ಉತ್ತರ ಭಾಗದಲ್ಲಿದ್ದ. ಅಲ್ಲಿ ಈರುಳ್ಳಿಯನ್ನು ದೊಡ್ಡದಾಗಿ ಬೆಳೆಯುವುದೇ ಒಂದು ವ್ರತ. ಕ್ರಿಸ್‌ಮಸ್ಸಿನ ಮರುದಿನ ಬೀಜ ಹಾಕುವುದು ಅಲ್ಲಿಯ ಹಳೆಯ ಸಂಪ್ರದಾಯ. ಗಾಜಿನ ಮನೆ, ದೀಪದ ಬೆಳಕು, ಎಳೆಯ ಕೂಸಿಗೂ ಇರದ ಆರೈಕೆ. ಶರತ್ಕಾಲದ ಪ್ರದರ್ಶನಗಳಲ್ಲಿ ತಕ್ಕಡಿಗೆ ಹಾಕುತ್ತಾರೆ. ೨೦೨೩ರಲ್ಲಿ ಹ್ಯಾರೊಗೇಟಿನ ಪ್ರದರ್ಶನದಲ್ಲಿ ತೂಗಿದ ಒಂದು ಈರುಳ್ಳಿ ಹೆಚ್ಚುಕಡಿಮೆ ೯ ಕಿಲೋ ಇತ್ತು. ಅಷ್ಟು ಆಗಿನ ಕಾಲಕ್ಕೆ ಇರಲಿಲ್ಲವಾದರೂ, ತಮ್ಮ ಕಳಿಸಿದ ಪೊಟ್ಟಣದ ಮೇಲಿನ ಚಿತ್ರವೇ ನನ್ನ ತಲೆ ತಿರುಗಿಸಲು ಸಾಕಾಗಿತ್ತು.

ಎರಡು ವರ್ಷ ಆ ಬೀಜ ಹಾಕಿದೆ. ಎಲೆಗಳು ಬಂದವು, ಎಂಥ ಎಲೆಗಳು! ಮೊಳಕಾಲೆತ್ತರ, ಹೆಬ್ಬೆರಳಿನ ದಪ್ಪ. ಬುಡ ಮಾತ್ರ ಬೆಳ್ಳಗೆ, ಉದ್ದಕ್ಕೆ, ಕೋಲಿನಂತೆ. ಜನವರಿ ಹೋಯಿತು, ಮಾರ್ಚ್ ಹೋಯಿತು, ಯುಗಾದಿ ಹೋಯಿತು. ಗೊಬ್ಬರ ಹಾಕಿದೆ, ನೀರು ಕಟ್ಟಿದೆ, ನೀರು ನಿಲ್ಲಿಸಿದೆ. ಯಾರೋ ಹೇಳಿದರೆಂದು ಎಲೆಗಳನ್ನು ತುಳಿದು ಮಲಗಿಸಿದ್ದೂ ಉಂಟು. ಇದು ನಮ್ಮಲ್ಲಿಯೂ ಇಂಗ್ಲೆಂಡಿನಲ್ಲಿಯೂ ಇರುವ ನಂಬಿಕೆ. ಎಲೆ ಮುರಿದರೆ ಗಡ್ಡೆಗೆ ಬರುವ ಆಹಾರವೇ ನಿಲ್ಲುತ್ತದೆಯಲ್ಲದೆ ಬೇರೆ ಲಾಭವಿಲ್ಲ. ಆ ಬೇಸಿಗೆಯಲ್ಲಿ ಅಪ್ಪ ಬೆಂಗಳೂರಿಗೆ ಬಂದ. ಹಿತ್ತಿಲಿಗೆ ಹೋಗಿ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತ. “ತೊಪ್ಪಲಾ ಛಲೋ ಬಂದೈತಿ,” ಎಂದ. ಇನ್ನೂ ಸ್ವಲ್ಪ ಹೊತ್ತು ನಿಂತು, “ಗಡ್ಡಿ ಎಲ್ಲೈತಿ, ತಮ್ಮಾ?” ಎಂದ. ಊರಿಗೆ ಮರಳುವಾಗ ಅಂಗಿಯ ಜೇಬಿನಿಂದ ಒಂದು ಚಿಕ್ಕ ಬಟ್ಟೆಯ ಗಂಟು ತೆಗೆದು ಕೈಯಲ್ಲಿಟ್ಟ. “ನಮ್ಮ ಬೀಜ. ಈ ಸಲ ಇದನ್ನ ಹಾಕು,” ಎಂದ. ಮೂರು ನಾಲ್ಕು ಗ್ರಾಂ ಇದ್ದೀತು. ಒಂದು ಗ್ರಾಮಿಗೆ ಇನ್ನೂರೈವತ್ತರಿಂದ ಮುನ್ನೂರು ಬೀಜ ತೂಗುತ್ತವೆ. ಸಾವಿರ ಬೀಜವಾದರೂ ಅದರಲ್ಲಿತ್ತು.

ಒಂದು ಚಿಟಿಕೆಯನ್ನು ಇಂಗ್ಲೆಂಡಿನ ತಮ್ಮನಿಗೆ ಕಳಿಸಿದೆ. ಆತ ಅಲ್ಲಿಯ ವಸಂತದಲ್ಲಿ ಬಿತ್ತಿದ. ಬಂದ ಉತ್ತರ ಇಷ್ಟು: ಮೂರು ನಾಲ್ಕು ಎಲೆ ಬಿಡುವಷ್ಟರಲ್ಲಿ ಗಡ್ಡೆ ಕೂತವು, ಗೋಲಿಯ ಗಾತ್ರಕ್ಕೆ ನಿಂತವು, ಎಲೆ ಒಣಗಿ ಬಿದ್ದವು. ಅವನ ಬೀಜ ನನ್ನಲ್ಲಿ ಗಡ್ಡೆ ಕೂರಲೇ ಇಲ್ಲ. ನಮ್ಮ ಬೀಜ ಅವನಲ್ಲಿ ಬೆಳೆಯುವ ಮೊದಲೇ ಕೂತುಬಿಟ್ಟಿತು. ಅವನ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಮಣ್ಣಿನ ಮೇಲೆ, ಗೊಬ್ಬರದ ಮೇಲೆ ಇದ್ದ ಅನುಮಾನ ಹೋಯಿತು. ಬೇರೆ ಏನೋ ಇದೆ ಎಂದು ಪುಸ್ತಕಗಳನ್ನು ಹುಡುಕತೊಡಗಿದೆ.

ಆ ಬೇರೆ ಏನೋ ಎಂಬುದು ಹಗಲಿನ ಉದ್ದ. ೧೯೨೦ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಬಂಧ ಪ್ರಕಟಿಸಿದರು. ಬೇಸಿಗೆಯಲ್ಲಿ ಆಳೆತ್ತರ ಬೆಳೆದರೂ ಹೂ ಬಿಡದ ಒಂದು ತಂಬಾಕಿನ ತಳಿ, ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿ ಗಿಡ್ಡಗಿರುವಾಗಲೇ ಹೂ ಬಿಡುತ್ತಿತ್ತು. ಅವರು ಉಷ್ಣವನ್ನೂ ನೀರನ್ನೂ ಬದಲಾಯಿಸಿ ನೋಡಿ ಸೋತು, ಕೊನೆಗೆ ಬೇಸಿಗೆಯ ಗಿಡಗಳನ್ನು ಸಂಜೆಗೆ ಮೊದಲೇ ಕತ್ತಲೆಯ ಗೂಡಿನೊಳಗೆ ದೂಡಿದರು. ಗಿಡಗಳು ಹೂ ಬಿಟ್ಟವು. ಸಸ್ಯಗಳು ಹಗಲನ್ನು ಅಳೆಯುತ್ತವೆ ಎಂಬುದು ಹೀಗೆ ಸಿದ್ಧವಾಯಿತು. ಅದೇ ಅಲಾರ್ಡ್ ೧೯೩೭ರಲ್ಲಿ ಮಗ್ರೂಡರ್ ಎಂಬವರೊಡನೆ ಅಮೆರಿಕ ಮತ್ತು ಯೂರೋಪಿನ ಈರುಳ್ಳಿ ತಳಿಗಳನ್ನು ಪರೀಕ್ಷಿಸಿ, ಗಡ್ಡೆ ಕೂರುವುದಕ್ಕೂ ಒಂದೊಂದು ತಳಿಗೆ ಒಂದೊಂದು ಹಗಲಿನ ಅಳತೆ ಬೇಕೆಂದು ತೋರಿಸಿದರು. ಕೆಲವಕ್ಕೆ ಹನ್ನೊಂದು ಹನ್ನೆರಡು ಗಂಟೆಯ ಹಗಲು ಸಾಕು. ಕೆಲವಕ್ಕೆ ಹದಿನಾಲ್ಕು ದಾಟಬೇಕು, ಹದಿನಾರಾದರೆ ಇನ್ನೂ ಒಳ್ಳೆಯದು.

ಈಗ ನಮ್ಮ ಆಕಾಶವನ್ನು ನೋಡೋಣ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಡಿಸೆಂಬರಿನ ಅತಿ ಚಿಕ್ಕ ಹಗಲು ಹನ್ನೊಂದು ಗಂಟೆಗಿಂತ ಕೆಳಗಿಳಿಯುವುದಿಲ್ಲ. ಇಂಗ್ಲೆಂಡಿನ ಉತ್ತರದಲ್ಲಿ ಜೂನ್ ಹಗಲು ಹದಿನೇಳು ಗಂಟೆ. ಆ ನಾಡಿನ ಬೀಜ ನನ್ನ ಹಿತ್ತಿಲಿನಲ್ಲಿ ಬಾರದ ಹಗಲಿಗಾಗಿ ಕಾಯುತ್ತ ಎಲೆಯ ಮೇಲೆ ಎಲೆ ಬಿಡುತ್ತಿತ್ತು. ನಮ್ಮ ಬೀಜವಾದರೋ ಅಲ್ಲಿಯ ಏಪ್ರಿಲ್ ಹಗಲು ಕಂಡೊಡನೆಯೇ ಕಾಲ ಮೀರಿತೆಂದು ಗಾಬರಿಗೊಂಡು, ಮೈ ಬೆಳೆಸದೆಯೇ ಗಂಟು ಕಟ್ಟಿತು. ನಾನು ಎರಡು ವರ್ಷ ಗೊಬ್ಬರ ಸುರಿದದ್ದು ಸೂರ್ಯನಿಗೆ ಲಂಚ ಕೊಟ್ಟ ಹಾಗೆ.

ದೊಡ್ಡ ಈರುಳ್ಳಿಯ ಗುಟ್ಟೆಲ್ಲ ಇಲ್ಲಿಯೇ ಅಡಗಿದೆ. ಅಡ್ಡಲಾಗಿ ಕೊಯ್ದ ಈರುಳ್ಳಿಯಲ್ಲಿ ಕಾಣುವ ಸುತ್ತುಗಳು ಬೇರೇನೂ ಅಲ್ಲ, ಎಲೆಗಳ ಬುಡಗಳು. ಹೊರಗಿನ ಒಂದೊಂದು ಸುತ್ತಿಗೂ ಮೇಲೆ ಒಂದು ಹಸಿರು ಎಲೆ ಇತ್ತು. ಹಗಲು ಗೊತ್ತಾದ ಅಳತೆಗೆ ಬಂದು, ಬಿಸಿಲಿನ ಕಾವೂ ಸೇರಿದಾಗ ಗಿಡ ಹೊಸ ಎಲೆ ಹೊರಡಿಸುವುದನ್ನು ಬಿಟ್ಟು, ಇದ್ದ ಎಲೆಗಳ ಬುಡವನ್ನು ಉಬ್ಬಿಸತೊಡಗುತ್ತದೆ. ಆ ಕ್ಷಣಕ್ಕೆ ಗಿಡದ ಮೇಲೆ ಐದು ಎಲೆ ಇದ್ದರೆ ಐದು ಎಲೆಯ ಗಡ್ಡೆ. ಹತ್ತು ಇದ್ದರೆ ಹತ್ತು ಎಲೆಯದು. ಆಮೇಲೆ ಏನು ಉಣಿಸಿದರೂ ಆ ಲೆಕ್ಕ ಬದಲಾಗುವುದಿಲ್ಲ. ಆದ್ದರಿಂದ ಬೆಳೆಗಾರನ ಕೆಲಸವೆಲ್ಲ ಕರೆ ಬರುವುದಕ್ಕೆ ಮೊದಲಿನದು.

ನಮ್ಮಲ್ಲಿ ಹಗಲಿನ ಏರಿಳಿತ ಚಿಕ್ಕದಾದ್ದರಿಂದ ಹವೆಯ ಪಾತ್ರ ದೊಡ್ಡದು: ತಂಪು ಗಡ್ಡೆ ಕೂರುವುದನ್ನು ತಡೆಹಿಡಿಯುತ್ತದೆ, ಸೆಕೆ ಅವಸರಪಡಿಸುತ್ತದೆ. ಮನೆಯಲ್ಲಿ ದೊಡ್ಡ ಗಡ್ಡೆ ಬೇಕೆನ್ನುವವರು ಹಿಂಗಾರನ್ನೇ ಹಿಡಿಯಬೇಕೆಂದು ನಾನು ಹೇಳುವುದು ಇದಕ್ಕಾಗಿ. ಸೆಪ್ಟೆಂಬರ್ ಕೊನೆಗೆ ಬೀಜ, ನವೆಂಬರಿನಲ್ಲಿ ನಾಟಿ, ಡಿಸೆಂಬರ್ ಜನವರಿಯ ತಂಪಿನಲ್ಲಿ ಎಲೆ, ಫೆಬ್ರವರಿಯಲ್ಲಿ ಹಗಲೂ ಕಾವೂ ಏರುವಾಗ ಗಡ್ಡೆ. ಹಾಗೆಂದು ಬೀಜವನ್ನು ಬಹಳ ಮುಂಚೆ ಹಾಕಿ ಜಾಣತನ ತೋರಿಸಹೋದರೆ, ಪೆನ್ಸಿಲ್ಲಿಗಿಂತ ದಪ್ಪವಾದ ಗಿಡ ಚಳಿಯನ್ನು ಕಂಡು ಎರಡನೆಯ ವರ್ಷ ಬಂದಿತೆಂದು ಭ್ರಮಿಸಿ ಹೂದಂಟು ಎತ್ತೀತು. ದಂಟು ಎತ್ತಿದ ಗಡ್ಡೆ ತಿನ್ನಲಾದೀತು, ಇಡಲಾಗದು.

ತಳಿಯ ಮಾತು. ನಮ್ಮ ಹಗಲಿಗೆ ಒಗ್ಗಿದ ತಳಿಗಳನ್ನೇ ಕೊಳ್ಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ, ಅರ್ಕಾ ಕಲ್ಯಾಣ ತಳಿಗಳು ಒಳ್ಳೆಯವು. ಇವುಗಳಲ್ಲಿ ನೂರು ಗ್ರಾಂ ದಾಟುವುದು ಕಷ್ಟವಲ್ಲ. ನಮ್ಮ ಸೀಮೆಯಲ್ಲಿ ಇನ್ನೂರು ಗ್ರಾಮಿನ ಗಡ್ಡೆ ಬೆಳೆದವನು ತಲೆಯೆತ್ತಿ ನಡೆಯಬಹುದು. ೯ ಕಿಲೋದ ಕನಸು ಬೇಡ. ದೊಡ್ಡದೇ ಉತ್ತಮವೆಂಬುದೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿ ಚಿಕ್ಕದು, ಚಪ್ಪಟೆ, ಖಾರ. ಆ ಗುಣಕ್ಕಾಗಿಯೇ ಹಡಗು ಹತ್ತಿ ಮಲೇಷಿಯಾ, ಸಿಂಗಪುರಗಳಿಗೆ ಹೋಗುತ್ತದೆ. ಕುಮಟೆಯ ಹೆದ್ದಾರಿಯ ಪಕ್ಕದಲ್ಲಿ ಬೇಸಿಗೆಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿಯನ್ನು ತಿಂದವರು ಗಾತ್ರವನ್ನು ಮರೆತುಬಿಡುತ್ತಾರೆ.

ಸಸಿಮಡಿಗೆ ಹೆಚ್ಚು ಜಾಗ ಬೇಡ. ಒಂದು ಅಗಲವಾದ ತೊಟ್ಟಿಯಾದರೂ ಸಾಕು. ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ನೀರು ನಿಲ್ಲದಂತೆ ಮಡಿಯನ್ನು ಎತ್ತರಿಸಿ, ಬೆರಳಿನಿಂದ ಗೆರೆ ಎಳೆದು, ಬೀಜವನ್ನು ವಿರಳವಾಗಿ ಉದುರಿಸಿ, ಒಂದು ಸೆಂಟಿಮೀಟರಿನಷ್ಟು ಗೊಬ್ಬರದ ಪುಡಿ ಮುಚ್ಚಬೇಕು. ಹೊಸಬರು ಒಂದೇ ಗೆರೆಯಲ್ಲಿ ಪೊಟ್ಟಣವನ್ನೆಲ್ಲ ಸುರಿಯುತ್ತಾರೆ. ಒತ್ತಾಗಿ ಎದ್ದ ಸಸಿಗಳು ಬುಡ ಕೊಳೆತು ಒಂದೇ ರಾತ್ರಿಗೆ ಗುಂಪುಗುಂಪಾಗಿ ಮಲಗುತ್ತವೆ. ಮೇಲೆ ತೆಳ್ಳಗೆ ಹುಲ್ಲು ಹೊದಿಸಿ, ಮೊಳಕೆ ಕಂಡ ದಿನವೇ ತೆಗೆಯಿರಿ.

ಮೊಳಕೆ ಏಳುವ ಬಗೆಯನ್ನು ನೀವು ಒಮ್ಮೆ ಕುಳಿತು ನೋಡಬೇಕು. ವಾರ ಹತ್ತು ದಿನದಲ್ಲಿ ಮಣ್ಣಿನಿಂದ ಹೊರಬರುವುದು ತುದಿಯಲ್ಲ, ಮೊಣಕೈ. ಹಸಿರು ದಾರವೊಂದು ನಡುವೆ ಮಡಿಚಿಕೊಂಡು, ಆ ಮಡಿಕೆಯಿಂದಲೇ ಮಣ್ಣನ್ನು ನೂಕಿ ಮೇಲೆ ಬರುತ್ತದೆ. ಒಂದು ಕಾಲು ಬೇರಿನ ಕಡೆ, ಇನ್ನೊಂದು ಕಾಲು ಇನ್ನೂ ಬೀಜದೊಳಗೆ ಸಿಕ್ಕಿ ಆಹಾರ ಹೀರುತ್ತಿರುತ್ತದೆ. ಎರಡು ಮೂರು ದಿನ ಹಾಗೆಯೇ ಬಾಗಿ ನಿಂತು, ಆಮೇಲೆ ಎರಡನೆಯ ಕಾಲನ್ನು ಕಿತ್ತುಕೊಂಡು ನೆಟ್ಟಗಾಗುತ್ತದೆ. ತುದಿಯಲ್ಲಿ ಕಪ್ಪು ಬೀಜದ ಸಿಪ್ಪೆ ಟೋಪಿಯಂತೆ ಕೂತಿರುತ್ತದೆ. ಅದನ್ನು ಕೈಯಿಂದ ತೆಗೆಯುವ ಉಪಕಾರ ಮಾಡಬೇಡಿ.

ಆರೇಳು ವಾರಕ್ಕೆ ಸಸಿ ಕೀಳಬಹುದು. ಸಾಲಿಗೂ ಗಿಡಕ್ಕೂ ೧೫ ಸೆಂಟಿಮೀಟರ್ ಬಿಟ್ಟು, ಮೇಲುಮೇಲಾಗಿ ನೆಡಬೇಕು. ಆಳಕ್ಕೆ ಹೂತ ಸಸಿ ಗಡ್ಡೆ ಉಬ್ಬಲು ಹೆಣಗಾಡುತ್ತದೆ. ಗಡ್ಡೆ ಹೊರಗೆ ಕಂಡಿತೆಂದು ಮಣ್ಣು ಏರಿಸುವುದೂ ತಪ್ಪು; ಅದು ಮಣ್ಣಿನ ಮೇಲೆ ಕುಳಿತು ಬೆಳೆಯುವ ಪ್ರಾಣಿ. ಮಾಳಿಗೆಯ ಮೇಲೆ ಬೆಳೆಯುವವರು ಒಂದು ಅಡಿ ಅಗಲದ ಕುಂಡಕ್ಕೆ ಮೂರೇ ಸಸಿ ನೆಟ್ಟರೆ ಒಳ್ಳೆಯದು. ಇದರ ಬೇರು ಬಡವನ ಬೇರು: ಕವಲು ಕಡಿಮೆ, ಆಳಕ್ಕೆ ಇಳಿಯದು, ಗೇಣಿನಷ್ಟು ಮಣ್ಣಿನಲ್ಲೇ ಸಂಸಾರ. ಎಲೆಯೋ ನೆಟ್ಟನೆಯ ಕೊಳವೆ. ನೆಲಕ್ಕೆ ನೆರಳು ಬೀಳಿಸಿ ಕಳೆಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ನೀರು ಸ್ವಲ್ಪಸ್ವಲ್ಪವಾಗಿ, ತಪ್ಪದೆ. ಕಳೆ ಕಂಡ ದಿನವೇ ಕೀಳುವುದು. ಶೇಂಗಾ ಹಿಂಡಿ ನೆನೆಸಿದ ನೀರನ್ನು ನಾಟಿಯಾದ ಮೂರನೆಯ ವಾರದಿಂದ ಕೊಡಬಹುದು. ಬುಡ ಉಬ್ಬತೊಡಗಿದ ಮೇಲೆ ಮಾತ್ರ ಒಂದು ಹನಿಯೂ ಬೇಡ. ಆಗ ಕೊಟ್ಟ ಸಾರ ಕುತ್ತಿಗೆಯನ್ನು ದಪ್ಪಮಾಡುತ್ತದೆ, ಮತ್ತು ದಪ್ಪ ಕುತ್ತಿಗೆಯ ಗಡ್ಡೆ ಅಟ್ಟದ ಮೇಲೆ ಕೊಳೆಯುತ್ತದೆ. ಎಲೆಯ ಸಂದುಗಳಲ್ಲಿ ನುಸಿ ಸೇರಿ ಬೆಳ್ಳಿಯ ಗೀರು ಮೂಡಿಸಿದರೆ ನೀರನ್ನೇ ರಭಸವಾಗಿ ಚಿಮುಕಿಸಿ ತೊಳೆಯಿರಿ. ಮನೆಯ ಮಡಿಗೆ ಅಷ್ಟು ಸಾಕು.

ಅರ್ಧದಷ್ಟು ಗಿಡಗಳು ತಾವಾಗಿ ಕುತ್ತಿಗೆ ಚೆಲ್ಲಿ ಮಲಗಿದಾಗ ಕೀಳುವ ಕಾಲ. ಅದಕ್ಕೆ ಹತ್ತು ಹದಿನೈದು ದಿನ ಮೊದಲೇ ನೀರು ನಿಂತಿರಬೇಕು. ಕಿತ್ತವುಗಳನ್ನು ಎಲೆಯೊಡನೆ ನೆರಳಿನಲ್ಲಿ ಗಾಳಿಗೆ ಹರವಿ, ಕುತ್ತಿಗೆ ಪೂರ್ತಿ ಒಣಗಿದ ಮೇಲೆ ಕೊಯ್ಯಬೇಕು.

ಇಷ್ಟೆಲ್ಲ ಕಲಿತು, ಅರ್ಕಾ ಕಲ್ಯಾಣದಲ್ಲಿ ಇನ್ನೂರು ಗ್ರಾಮಿನ ಗಡ್ಡೆ ತೆಗೆದು, ನನಗೆ ನಾನೇ ಶಹಬಾಸ್ ಹೇಳಿಕೊಳ್ಳುತ್ತಿದ್ದಾಗ ಅಪ್ಪನ ಗಂಟು ಎಲ್ಲಿತ್ತು? ಕಪಾಟಿನಲ್ಲಿತ್ತು. ಅವನು ಗಂಟು ಕೊಟ್ಟುಹೋದ ವರ್ಷ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡ. ಆಮೇಲೆ ಆ ಗಂಟು ನನಗೆ ಬೀಜವಾಗಿ ಉಳಿಯಲಿಲ್ಲ, ನೆನಪಾಯಿತು. ಊರಿನಲ್ಲಿ ಹೊಲವನ್ನು ಲಾವಣಿಗೆ ಕೊಟ್ಟಿದ್ದೆವು. ಹಿಡಿದವರು ಪೇಟೆಯ ಬೀಜ ಬಿತ್ತಿದರು. ಗಡಿಗೆ ಖಾಲಿಯಾಯಿತು. ಬೀಜ ನನ್ನಲ್ಲಿ ಭದ್ರವಾಗಿದೆ, ಬೆಳೆಯುವುದು ಚೆನ್ನಾಗಿ ಕೈಗೂಡಿದ ಮೇಲೆ ಹಾಕಿದರಾಯಿತು ಎಂದು ನಾನು ಮೂರು ವರ್ಷ ತಳ್ಳಿದೆ.

ಈರುಳ್ಳಿ ಬೀಜ ಭದ್ರವಾಗಿರುವುದಿಲ್ಲ. ನಮ್ಮ ತೋಟದ ಬೀಜಗಳಲ್ಲಿ ಅತ್ಯಂತ ಅಲ್ಪಾಯುಷಿಗಳ ಸಾಲಿಗೆ ಅದು ಸೇರಿದ್ದು. ಸೆಕೆಯಲ್ಲಿ, ತೇವದಲ್ಲಿ ತೆರೆದಿಟ್ಟರೆ ಒಂದು ವರ್ಷ ಕಳೆಯುತ್ತಲೂ ಸಾಯತೊಡಗುತ್ತದೆ. ನೋಡಲು ಹೊಸದಕ್ಕೂ ಹಳೆಯದಕ್ಕೂ ಅಂತರವಿಲ್ಲ. ಅದೇ ಕಪ್ಪು, ಅದೇ ಹೊಳಪು. ಅಪ್ಪನ ಗಡಿಗೆ ಪ್ರತಿವರ್ಷ ಬರಿದಾಗುತ್ತಿದ್ದುದರ ಅರ್ಥ ನನಗೆ ಹೊಳೆದದ್ದು ಈ ಮಾತನ್ನು ಒಂದು ಪುಸ್ತಕದಲ್ಲಿ ಓದಿದ ರಾತ್ರಿ. ಮರುದಿನ ಬೆಳಿಗ್ಗೆ ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಅಂಗಡಿಯ ಪೊಟ್ಟಣವನ್ನೂ ಹೀಗೆಯೇ ಪರೀಕ್ಷಿಸಬೇಕು. ನೂರರಲ್ಲಿ ಎಪ್ಪತ್ತಾದರೂ ಮೊಳೆಯದಿದ್ದರೆ ಆ ಬೀಜವನ್ನು ನಂಬಬಾರದು. ನಾನು ಹನ್ನೆರಡು ದಿನ ಬಟ್ಟೆ ಬಿಚ್ಚಿ ನೋಡಿದೆ. ಮೊಳೆತದ್ದು ನಾಲ್ಕು.

ಉಳಿದುದನ್ನೆಲ್ಲ ಅದೇ ವಾರ ಬಿತ್ತಿದೆ. ಇಪ್ಪತ್ತೆರಡು ಸಸಿ ಎದ್ದವು. ಹಳೆಯ ಬೀಜದ ಸಸಿ ದುರ್ಬಲ, ಕೆಲವು ಮೊಣಕೈ ಮಡಿಚಿದಂತೆಯೇ ಸತ್ತವು. ಹನ್ನೊಂದನ್ನು ನೆಟ್ಟೆ. ಗಡ್ಡೆಯಾದದ್ದು ಒಂಬತ್ತು, ಯಾವುದೂ ನಿಂಬೆಗಿಂತ ದೊಡ್ಡದಲ್ಲ. ದೀಪಾವಳಿಗೆ ಅಪ್ಪನಂತೆ ಮೇಲ್ಭಾಗ ಕತ್ತರಿಸಿ ನೋಡಿದೆ. ಆರಕ್ಕೆ ಒಂದೇ ಕಣ್ಣಿತ್ತು. ಆ ಆರನ್ನು ಒಟ್ಟಾಗಿ ನೆಟ್ಟೆ. ಒಟ್ಟಾಗಿ ಏಕೆಂದರೆ ಈರುಳ್ಳಿಯ ಹೂವಿನಲ್ಲಿ ಪರಾಗ ಮೊದಲು ಉದುರುತ್ತದೆ, ಶಲಾಕೆ ಆಮೇಲೆ ಪಕ್ವವಾಗುತ್ತದೆ. ಒಂದು ಹೂ ತನ್ನನ್ನು ತಾನೇ ಫಲಿಸಿಕೊಳ್ಳಲಾರದು, ಜೇನು ಬರಬೇಕು. ಜೇನು ಬಂದರೆ ಬೇರೆ ತಳಿಯ ಪರಾಗವನ್ನೂ ದೂರದಿಂದ ಹೊತ್ತು ತಂದೀತು. ಆದ್ದರಿಂದ ಆ ವರ್ಷ ನನ್ನ ಮಡಿಯಲ್ಲಿ ದಂಟು ಎತ್ತಿದ ಬೇರೆ ಗಿಡಗಳನ್ನೆಲ್ಲ ಕಿತ್ತುಹಾಕಿದೆ. ನಮ್ಮ ಬೀದಿಯಲ್ಲಿ ಈರುಳ್ಳಿ ಹೂ ಬಿಡಿಸುವ ಹುಚ್ಚು ಇನ್ನಾರಿಗೂ ಇರಲಿಲ್ಲವಾಗಿ ಬದುಕಿದೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ೧೯೨೫ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ಹೆನ್ರಿ ಜೋನ್ಸ್ ಎಂಬ ವಿಜ್ಞಾನಿಗೆ ಪರಾಗವೇ ಇಲ್ಲದ ಒಂದು ಈರುಳ್ಳಿ ಗಿಡ ಸಿಕ್ಕಿತು. ತಾನಾಗಿ ಬೀಜ ಕಟ್ಟಲಾರದ ಆ ಗಿಡ ಅಲ್ಲಿಗೇ ಅಳಿಯಬೇಕಾಗಿತ್ತು. ಹೂವಿನ ಚೆಂಡಿನ ನಡುವೆ ಅದು ಹುಟ್ಟಿಸಿದ ಚಿಕ್ಕಚಿಕ್ಕ ಮರಿಗಡ್ಡೆಗಳಿಂದ ಉಳಿಯಿತು. ಈರುಳ್ಳಿಯ ಮಿಶ್ರತಳಿ ಬೀಜದ ಉದ್ಯಮ ಬೆಳೆದುಬಂದದ್ದು ಆ ಒಂದು ಗಿಡದಿಂದ. ಮಿಶ್ರತಳಿಯ ಬೀಜ ಕೊಂಡವರು ಅದರಿಂದ ಮತ್ತೆ ಬೀಜ ಹಿಡಿಯಹೋಗಬಾರದು. ಮಕ್ಕಳು ತಾಯಿಯಂತೆ ಇರುವುದಿಲ್ಲ. ಬೀಜ ಕಾಪಾಡುವ ಆಸೆಯುಳ್ಳವರಿಗೆ ಊರ ತಳಿ ಅಥವಾ ಅರ್ಕಾ ನಿಕೇತನದಂಥ ಸಾಧಾರಣ ತಳಿಯೇ ಸರಿ.

ಏಪ್ರಿಲಿನಲ್ಲಿ ಆರು ಚೆಂಡುಗಳೂ ಒಣಗಿ, ತುದಿಯಲ್ಲಿ ಕಪ್ಪು ಕಾಣತೊಡಗಿದಾಗ ಕಾಗದದ ಚೀಲ ಕಟ್ಟಿ ಕೊಯ್ದೆ. ಉಜ್ಜಿ ತೂರಿದರೆ ಎರಡು ಚಮಚದಷ್ಟು ಬೀಜ. ಈ ಸಲ ಕಪಾಟಿಗೆ ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಬಿತ್ತಿದೆ, ಬಟ್ಟೆಯ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತೊಂಬತ್ತು. ಮಾರ್ಚಿಯಲ್ಲಿ ಕಿತ್ತಾಗ ಎಲ್ಲಕ್ಕೂ ದೊಡ್ಡದು ೧೮೦ ಗ್ರಾಂ ತೂಗಿತು. ಅದನ್ನು ತಿನ್ನದೆ, ಮಾರದೆ, ಬಲೆಯ ಚೀಲದಲ್ಲಿ ಹಾಕಿ ನಡುಮನೆಯ ಗಾಳಿಗೆ ತೂಗುಹಾಕಿದೆ.

ದೀಪಾವಳಿಗೆ ಅವ್ವ ಬಂದಳು. ಚೀಲ ಇಳಿಸಿ ಕೈಗೆ ಕೊಟ್ಟೆ. ಹೊರಳಿಸಿದಳು, ಕುತ್ತಿಗೆ ಹಿಚುಕಿ ನೋಡಿದಳು, ಮೂಗಿನ ಹತ್ತಿರ ಹಿಡಿದಳು. ನಾನು ಹೇಳುವ ಮೊದಲೇ ಈಳಿಗೆಮಣೆ ಎಳೆದುಕೊಂಡು ಮೇಲಿನ ಮೂರನೆಯ ಒಂದು ಪಾಲನ್ನು ಕೊಯ್ದುಬಿಟ್ಟಳು. ಬೆಳಕಿಗೆ ಹಿಡಿದು, “ಒಂದ ಕಣ್ಣ ಐತಿ,” ಎಂದಳು. ಬುಡದ ಭಾಗವನ್ನು ನನ್ನ ಕೈಯಲ್ಲಿಟ್ಟು, “ಹೋಗು, ಹಚ್ಚಿ ಬಾ,” ಎಂದು ಹೇಳಿ, ಮೇಲಿನ ತುಂಡನ್ನು ತನ್ನ ತಾಟಿನಲ್ಲಿ ರೊಟ್ಟಿಯ ಪಕ್ಕಕ್ಕೆ ಇಟ್ಟುಕೊಂಡಳು.